ಓದುಗರ ಪ್ರಶ್ನೋತ್ತರ: ಕೋಶಚಕ್ರಕ್ಕೆ ಕ್ಯಾಲ್ಸಿಯಂ ಹೇಳುವುದೇನು?

ಜೀವಕೋಶವೊಂದು ಎರಡಾಗುವ ಕ್ರಮವನ್ನು, ಅಂದರೆ ಕೋಶಚಕ್ರವನ್ನು, ಸೈಕ್ಲಿನ್ ಎಂಬ ಪ್ರೋಟೀನುಗಳು ಹತೋಟಿಯಲ್ಲಿಡುತ್ತವೆ ಎಂದು ಹಿಂದಿನ ಸಂಚಿಕೆಯಲ್ಲಿ ವಿವರಿಸುವಾಗ ಕ್ಯಾಲ್ಸಿಯಂನ ಹೆಸರು ಒಂದೇ ವಾಕ್ಯದಲ್ಲಿ ಬಂದು ಹೋಗಿತ್ತು. ಆ ವಾಕ್ಯವನ್ನು ಹಿಡಿದು ಹಲವರು ಪತ್ರ ಬರೆದಿದ್ದಾರೆ. ಆದ್ದರಿಂದ ಈ ಬಾರಿಯ ಪುಟಗಳನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಕ್ಯಾಲ್ಸಿಯಂ ಎಂದರೆ ಮೂಳೆ ಮತ್ತು ಹಲ್ಲು ಎಂದೇ ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಅದು ಜೀವಕೋಶದೊಳಗೆ ಸಂಕೇತವಾಗಿ ಕೆಲಸ ಮಾಡುವುದು ಹೇಗೆ? ಮೆಗ್ನೀಸಿಯಂ, ಪೊಟ್ಯಾಸಿಯಂಗಳಿಗೆ ಇಲ್ಲದ ಯೋಗ್ಯತೆ ಇದಕ್ಕೆ ಹೇಗೆ ಬಂತು?
— ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಹಾಸನ

ಉತ್ತರ: ದೇಹದ ಕ್ಯಾಲ್ಸಿಯಂನಲ್ಲಿ ಶೇಕಡ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿಯೇ ಇರುವುದರಿಂದ ನಿಮ್ಮ ಪಾಠದಲ್ಲಿ ತಪ್ಪೇನೂ ಇಲ್ಲ. ಉಳಿದ ಅತ್ಯಲ್ಪ ಪಾಲು ಬೇರೆ ಕೆಲಸವನ್ನೂ ಮಾಡುತ್ತದೆ ಎಂಬುದಕ್ಕೆ ಮೊದಲ ಸಾಕ್ಷ್ಯ ದೊರೆತದ್ದು ಕಪ್ಪೆಯ ಹೃದಯದಿಂದ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಉಪ್ಪಿನ ದ್ರಾವಣದಲ್ಲಿ ಇರಿಸಿದ್ದ ಕಪ್ಪೆಯ ಹೃದಯ ಚೆನ್ನಾಗಿಯೇ ಬಡಿಯುತ್ತಿತ್ತು. ಆ ದ್ರಾವಣವನ್ನು ಭಟ್ಟಿ ಇಳಿಸಿದ ನೀರಿನ ಬದಲು ನಲ್ಲಿಯ ನೀರಿನಲ್ಲಿ ತಯಾರಿಸಲಾಗಿತ್ತೆಂದು ಅವರಿಗೆ ಆಮೇಲೆ ತಿಳಿಯಿತು. ಶುದ್ಧ ನೀರಿನಲ್ಲಿ ದ್ರಾವಣ ಮಾಡಿ ನೋಡಿದಾಗ ಹೃದಯದ ಬಡಿತ ಕ್ರಮೇಣ ನಿಂತುಹೋಯಿತು. ನಲ್ಲಿಯ ನೀರಿನಲ್ಲಿದ್ದ ಕ್ಯಾಲ್ಸಿಯಂ ಇದಕ್ಕೆ ಕಾರಣವೆಂದು ಅವರು 1883ರಲ್ಲಿ ಪ್ರಕಟಿಸಿದರು.

ಕೋಶದ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಅಯಾನುಗಳು ಲೀಟರಿಗೆ 1 ಮಿಲಿಮೋಲ್‌ಗಿಂತ ತುಸು ಹೆಚ್ಚಾಗಿ ಇರುತ್ತವೆ. ವಿಶ್ರಾಂತ ಸ್ಥಿತಿಯಲ್ಲಿರುವ ಕೋಶದ ಒಳದ್ರವದಲ್ಲಿ ಸ್ವತಂತ್ರವಾಗಿ ಓಡಾಡುವ ಕ್ಯಾಲ್ಸಿಯಂ ಅದರ ಹತ್ತು ಸಾವಿರದಲ್ಲಿ ಒಂದು ಪಾಲು, ಅಂದರೆ ಸುಮಾರು 100 ನ್ಯಾನೋಮೋಲ್ ಮಾತ್ರ. ಕೋಶದ ಶಕ್ತಿವ್ಯವಹಾರವೆಲ್ಲ ಫಾಸ್ಫೇಟುಗಳನ್ನು ಆಧರಿಸಿದೆ, ಮತ್ತು ಕ್ಯಾಲ್ಸಿಯಂ ಹೆಚ್ಚಾದರೆ ಅದು ಫಾಸ್ಫೇಟಿನೊಡನೆ ಕೂಡಿ ಗಟ್ಟಿಯಾಗಿ ಕೆಳಗಿಳಿಯುತ್ತದೆ. ಹೀಗಾಗಿ ಕೋಶವು ಶಕ್ತಿಯನ್ನು ವ್ಯಯಮಾಡಿಯಾದರೂ ಕ್ಯಾಲ್ಸಿಯಂ ಅನ್ನು ಎಡೆಬಿಡದೆ ಹೊರಕ್ಕೆ ಅಥವಾ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಒಳಸಂಗ್ರಹಕ್ಕೆ ಪಂಪು ಮಾಡುತ್ತಿರುತ್ತದೆ. ಒಳಗೆ ಇಷ್ಟು ಕಡಿಮೆ ಇರುವ ಕಾರಣ, ಪೊರೆಯ ಕೆಲವು ನಾಳಗಳು ಕ್ಷಣಮಾತ್ರ ತೆರೆದರೂ ಕ್ಯಾಲ್ಸಿಯಂ ಹಲವು ಪಟ್ಟು ಏರುತ್ತದೆ. ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಕೋಶದೊಳಗೆ ಮೊದಲೇ ಧಾರಾಳವಾಗಿರುವುದರಿಂದ ಅವುಗಳಲ್ಲಿ ಅಂತಹ ಎದ್ದುಕಾಣುವ ಏರಿಕೆಯನ್ನು ತರುವುದು ಕಷ್ಟ.

ಏರಿದ ಕ್ಯಾಲ್ಸಿಯಂ ಅನ್ನು ಗುರುತಿಸುವ ಮುಖ್ಯ ಪ್ರೋಟೀನು ಕ್ಯಾಲ್ಮಾಡುಲಿನ್. ನಾಲ್ಕು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿಯಬಲ್ಲ ಈ ಚಿಕ್ಕ ಪ್ರೋಟೀನು ಅವುಗಳನ್ನು ಹಿಡಿದೊಡನೆ ತನ್ನ ಆಕಾರವನ್ನು ಬದಲಿಸಿ ಬೇರೆ ಕಿಣ್ವಗಳನ್ನು ಅಪ್ಪಿಕೊಳ್ಳುತ್ತದೆ. ಅಂತಹ ಕಿಣ್ವಗಳಲ್ಲಿ ಎರಡನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಿ, ಮುಂದಿನ ಉತ್ತರಗಳಲ್ಲಿ ಅವು ಮತ್ತೆ ಬರುತ್ತವೆ. ಮೊದಲನೆಯದು ಕ್ಯಾಮ್‌ಕೈನೇಸ್-2, ಇದು ಇತರ ಪ್ರೋಟೀನುಗಳಿಗೆ ಫಾಸ್ಫೇಟನ್ನು ಅಂಟಿಸುತ್ತದೆ. ಎರಡನೆಯದು ಕ್ಯಾಲ್ಸಿನ್ಯೂರಿನ್, ಇದು ಅಂಟಿದ ಫಾಸ್ಫೇಟನ್ನು ಕಿತ್ತುಹಾಕುತ್ತದೆ. ಒಂದೇ ಸಂಕೇತವು ಪರಸ್ಪರ ವಿರುದ್ಧವಾದ ಎರಡು ಕೆಲಸಗಾರರನ್ನು ಎಬ್ಬಿಸುವುದರಿಂದ, ಕ್ಯಾಲ್ಸಿಯಂ ಏರಿತು ಎಂದಷ್ಟೇ ತಿಳಿದರೆ ಆ ಕೋಶ ಮುಂದೆ ಏನು ಮಾಡುತ್ತದೆ ಎಂದು ಹೇಳಲಾಗುವುದಿಲ್ಲ.

ಪ್ರಶ್ನೆ: ನಾನು ಮತ್ತು ನನ್ನ ಪತಿ ಐಸಿಎಸ್‌ಐ (ವೀರ್ಯಾಣುವನ್ನು ಪ್ರಯೋಗಾಲಯದಲ್ಲಿ ಅಂಡದೊಳಗೆ ಚುಚ್ಚಿ ಸೇರಿಸುವ) ಚಿಕಿತ್ಸೆ ಪಡೆಯುತ್ತಿದ್ದೇವೆ. ಕಳೆದ ಪ್ರಯತ್ನದಲ್ಲಿ ಒಂದು ಅಂಡವೂ ಫಲಿತವಾಗಲಿಲ್ಲ. ವೀರ್ಯಾಣುಗಳ ಸಂಖ್ಯೆ ಮತ್ತು ಚಲನೆ ಎರಡೂ ಸರಿಯಾಗಿವೆ ಎಂದು ವರದಿ ಇದೆ. ಮುಂದಿನ ಬಾರಿ ಅಂಡಗಳನ್ನು ಕ್ಯಾಲ್ಸಿಯಂ ಅಯನೋಫೋರ್ ಎಂಬ ದ್ರಾವಣದಲ್ಲಿ ಇಡುತ್ತೇವೆ ಎಂದು ವೈದ್ಯರು ಹೇಳುತ್ತಿದ್ದಾರೆ. ಇದು ಏಕೆ ಬೇಕು?
— ಓದುಗರು, ಹುಬ್ಬಳ್ಳಿ

ಉತ್ತರ: ಕ್ಯಾಲ್ಸಿಯಂ ಕೋಶಚಕ್ರವನ್ನು ಮುಂದಕ್ಕೆ ನಡೆಸುವುದು ಅತ್ಯಂತ ನಿಚ್ಚಳವಾಗಿ ಕಾಣುವುದು ಅಂಡದಲ್ಲಿಯೇ ಆದ್ದರಿಂದ ಈ ಉತ್ತರ ಸ್ವಲ್ಪ ದೀರ್ಘವಾಗಲಿದೆ.

ಅಂಡಾಶಯದಿಂದ ಹೊರಬಂದ ಅಂಡವು ಅರ್ಧದಲ್ಲಿ ನಿಂತಿರುವ ಕೋಶ. ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುವ ಮಿಯೋಸಿಸ್‌ನ ಎರಡನೆಯ ವಿಭಜನೆಯಲ್ಲಿ ವರ್ಣತಂತುಗಳು ನಡುವೆ ಸಾಲುಗಟ್ಟಿ ನಿಂತ ಹಂತದವರೆಗೆ ಬಂದು ಅದು ಅಲ್ಲಿಯೇ ತಡೆಹಿಡಿಯಲ್ಪಟ್ಟಿರುತ್ತದೆ. ಮನುಷ್ಯರಲ್ಲಿ, ಇಲಿಯಲ್ಲಿ ಮತ್ತು ಕಪ್ಪೆಯಲ್ಲಿ ಹೀಗೆಯೇ. ವೀರ್ಯಾಣು ಸೇರದೆ ಅಂಡವು ತಾನಾಗಿ ಮುಂದುವರಿಯದಂತೆ ಇರುವ ವ್ಯವಸ್ಥೆಯಿದು. ತಡೆ ಇರುವುದು ಹೀಗೆ: ಸೈಕ್ಲಿನ್-ಬಿ ಮತ್ತು ಅದರ ಜೊತೆಗಾರ ಕಿಣ್ವವಾದ ಸಿಡಿಕೆ-1 ಇವುಗಳ ಜೋಡಿ ಕ್ರಿಯಾಶೀಲವಾಗಿರುವವರೆಗೆ ಕೋಶ ವಿಭಜನೆಯ ಹಂತದಿಂದ ಹೊರಬರಲಾರದು. ಸೈಕ್ಲಿನನ್ನು ನಾಶಕ್ಕೆ ಗುರುತು ಹಾಕಬೇಕಾದ ಎಪಿಸಿ ಎಂಬ ಪ್ರೋಟೀನು ಸಮೂಹವನ್ನು ಎಮಿ-2 ಎಂಬ ಇನ್ನೊಂದು ಪ್ರೋಟೀನು ಅಲುಗದಂತೆ ಹಿಡಿದಿರುತ್ತದೆ.

ವೀರ್ಯಾಣು ತನ್ನೊಡನೆ ತರುವ ಪಿಎಲ್‌ಸಿ-ಝೀಟಾ ಎಂಬ ಕಿಣ್ವವು ಅಂಡದಲ್ಲಿ ಐಪಿ-3 ಎಂಬ ಸಣ್ಣ ಅಣುವನ್ನು ಉತ್ಪಾದಿಸುತ್ತದೆ. ಐಪಿ-3 ಅಂಡದ ಒಳಸಂಗ್ರಹದ ನಾಳಗಳನ್ನು ತೆರೆಯುತ್ತದೆ ಮತ್ತು ಕ್ಯಾಲ್ಸಿಯಂ ಹೊರಚೆಲ್ಲುತ್ತದೆ. ಕ್ಯಾಲ್ಮಾಡುಲಿನ್‌ನ ಮೂಲಕ ಎಚ್ಚೆತ್ತ ಕ್ಯಾಮ್‌ಕೈನೇಸ್-2 ಎಮಿ-2ಕ್ಕೆ ಫಾಸ್ಫೇಟನ್ನು ಅಂಟಿಸುತ್ತದೆ. ಆ ಗುರುತನ್ನು ಹಿಡಿದು ಪೋಲೋ ಕೈನೇಸ್ ಎಂಬ ಮತ್ತೊಂದು ಕಿಣ್ವ ಬಂದು ತನ್ನದೂ ಗುರುತು ಹಾಕುತ್ತದೆ, ಎಮಿ-2 ನಾಶವಾಗುತ್ತದೆ. ಬಿಡುಗಡೆಗೊಂಡ ಎಪಿಸಿ ಸೈಕ್ಲಿನ್-ಬಿಯನ್ನೂ ವರ್ಣತಂತುಗಳ ಜೋಡಿ ಬಿಡದಂತೆ ಕಾಯುತ್ತಿದ್ದ ಸೆಕ್ಯುರಿನನ್ನೂ ತೊಲಗಿಸಿದ ಮೇಲೆ, ನಿಂತಿದ್ದ ವಿಭಜನೆ ಪೂರ್ಣಗೊಂಡು ಅಂಡವು ಭ್ರೂಣದ ಮೊದಲ ಕೋಶಚಕ್ರವನ್ನು ಪ್ರವೇಶಿಸುತ್ತದೆ. ಇಲ್ಲಿ ಕ್ಯಾಲ್ಸಿಯಂ ಹೊಸದೇನನ್ನೂ ಕಟ್ಟುವುದಿಲ್ಲ, ಇದ್ದ ಅಡ್ಡಿಯನ್ನು ತೆಗೆಯುತ್ತದೆ ಅಷ್ಟೆ. ಕಪ್ಪೆಯ ಅಂಡದಲ್ಲಿ ಈ ಕೆಲಸಕ್ಕೆ ಕ್ಯಾಲ್ಸಿನ್ಯೂರಿನ್ ಕೂಡ ಬೇಕೆಂದು 2007ರಲ್ಲಿ ತಿಳಿದುಬಂತು.

ಈ ಏರಿಕೆಯನ್ನು ಕಣ್ಣಾರೆ ಕಂಡ ಬಗೆ ಸ್ವಾರಸ್ಯಕರವಾಗಿದೆ. ಲೋಳೆಮೀನಿನಿಂದ 1962ರಲ್ಲಿ ಒಸಾಮು ಶಿಮೊಮುರಾ ಮತ್ತು ಸಂಗಡಿಗರು ಬೇರ್ಪಡಿಸಿದ ಈಕ್ವೊರಿನ್ ಎಂಬ ಪ್ರೋಟೀನು ಕ್ಯಾಲ್ಸಿಯಂ ಸೋಕಿದರೆ ನೀಲಿ ಬೆಳಕು ಸೂಸುತ್ತದೆ. ಜಪಾನಿನ ಭತ್ತದ ಗದ್ದೆಗಳಲ್ಲಿ ವಾಸಿಸುವ ಮೆಡಾಕ ಎಂಬ ಪುಟ್ಟ ಮೀನಿನ ಅಂಡಕ್ಕೆ ಅದನ್ನು ಚುಚ್ಚಿ ಫಲೀಕರಣವನ್ನು ಗಮನಿಸಿದ ರಿಡ್ಜ್‌ವೇ, ಗಿಲ್ಕಿ ಮತ್ತು ಜಾಫೆ, ಕ್ಯಾಲ್ಸಿಯಂ ಸ್ಫೋಟಕವೆನ್ನುವಷ್ಟು ವೇಗವಾಗಿ ಏರುವುದನ್ನು 1977ರಲ್ಲಿ ವರದಿ ಮಾಡಿದರು. ವೀರ್ಯಾಣು ಹೊಕ್ಕ ಬಿಂದುವಿನಲ್ಲಿ ಹುಟ್ಟಿದ ಬೆಳಕಿನ ಅಲೆ ಅಂಡದ ಆಚೆಯ ತುದಿಯವರೆಗೆ ಹರಿದುಹೋಗುವುದು ಮುಂದಿನ ಚಿತ್ರಗಳಲ್ಲಿ ಕಾಣಿಸಿತು. ಮೀನು ಮತ್ತು ಕಪ್ಪೆಗಳಲ್ಲಿ ಇಂತಹ ಒಂದೇ ಅಲೆ ಏಳುತ್ತದೆ. ಸಸ್ತನಿಗಳ ಅಂಡದಲ್ಲಿ ಹಾಗಲ್ಲ. ಅಲ್ಲಿ ಕ್ಯಾಲ್ಸಿಯಂ ಏರಿ, ಇಳಿದು, ಕೆಲವು ನಿಮಿಷಗಳ ಬಿಡುವಿನ ನಂತರ ಪುನಃ ಏರುತ್ತದೆ, ಮತ್ತು ಈ ಏರಿಳಿತ ಗಂಟೆಗಟ್ಟಲೆ ಮುಂದುವರಿಯುತ್ತದೆ.

ಐಸಿಎಸ್‌ಐನಲ್ಲಿ ವೀರ್ಯಾಣುವನ್ನು ಸೂಜಿಯಿಂದ ಅಂಡದ ಒಳಗೇ ಬಿಡುವುದರಿಂದ ಅದು ಈಜಿ ಬಂದು ತೂರಿಕೊಳ್ಳಬೇಕಾದ ಅಗತ್ಯವಿರುವುದಿಲ್ಲ. ಆದರೆ ಪಿಎಲ್‌ಸಿ-ಝೀಟಾ ಕೊರತೆಯಿದ್ದರೆ ಒಳಗೆ ಬಿಟ್ಟ ವೀರ್ಯಾಣುವೂ ಕ್ಯಾಲ್ಸಿಯಂ ಅನ್ನು ಏರಿಸಲಾರದು ಮತ್ತು ಅಂಡ ನಿಂತಲ್ಲಿಯೇ ನಿಲ್ಲುತ್ತದೆ. ಬ್ರಿಟನ್ನಿನ ಕಾರ್ಡಿಫ್‌ನ ಸಂಶೋಧಕರು 2002ರಲ್ಲಿ ಗುರುತಿಸಿದ ಈ ಕಿಣ್ವದ ಜೀನಿನಲ್ಲಿ ದೋಷವಿರುವ ಪುರುಷರು ಇದ್ದಾರೆ. ವೀರ್ಯಾಣುಗಳ ಸಂಖ್ಯೆ ಮತ್ತು ಚಲನೆಯನ್ನು ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಈ ದೋಷ ಕಾಣಿಸದು. ನಿಮ್ಮ ವೈದ್ಯರ ಊಹೆ ಈ ಜಾಡಿನಲ್ಲಿರಬಹುದು.

ಅಯನೋಫೋರ್ ಎಂದರೆ ಕ್ಯಾಲ್ಸಿಯಂ ಅನ್ನು ಪೊರೆಯ ಮೂಲಕ ದಾಟಿಸುವ ರಾಸಾಯನಿಕ. ಒಂದು ಜಾತಿಯ ಸ್ಟ್ರೆಪ್ಟೋಮೈಸಿಸ್ ಬ್ಯಾಕ್ಟೀರಿಯಾದಿಂದ ದೊರೆತ ಎ-23187 ಎಂಬ ಅಯನೋಫೋರನ್ನು ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಅಂಡಗಳಿಗೆ ಸೇರಿಸಿದರೆ ವೀರ್ಯಾಣುವಿಲ್ಲದೆಯೇ ಅವು ಚುರುಕುಗೊಳ್ಳುತ್ತವೆ ಎಂದು ಸ್ಟೈನ್‌ಹಾರ್ಟ್ ಮತ್ತು ಎಪೆಲ್ 1974ರಲ್ಲಿ ತೋರಿಸಿದ್ದರು. ಇಂದು ಪ್ರಯೋಗಾಲಯಗಳಲ್ಲಿ ಬಳಸುವುದೂ ಇದೇ ತತ್ತ್ವವನ್ನು. ಆದರೆ ಅಯನೋಫೋರ್ ಸಾಮಾನ್ಯವಾಗಿ ಒಂದು ದೊಡ್ಡ ಏರಿಕೆಯನ್ನು ಕೊಡುತ್ತದೆಯೇ ಹೊರತು ಸಹಜವಾದ ಏರಿಳಿತಗಳ ಸರಣಿಯನ್ನಲ್ಲ. ಇಲಿಗಳಲ್ಲಿ ಈ ಸರಣಿಯನ್ನು ಕೃತಕವಾಗಿ ಹೆಚ್ಚು ಕಡಿಮೆ ಮಾಡಿದಾಗ ಮುಂದೆ ಭ್ರೂಣದ ಜೀನುಗಳ ವರ್ತನೆಯಲ್ಲಿಯೂ ವ್ಯತ್ಯಾಸ ಕಂಡಿದೆ. ಈ ವಿಧಾನದಿಂದ ಮಕ್ಕಳು ಹುಟ್ಟಿದ್ದಾರೆ ಎಂಬುದು ನಿಜ. ಆದರೂ ಐಸಿಎಸ್‌ಐಗೆ ಬಂದ ಎಲ್ಲ ದಂಪತಿಗಳಿಗೂ ಇದನ್ನು ಸೇರಿಸುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಫಲೀಕರಣವೇ ವಿಫಲವಾದ ನಿಮ್ಮಂತಹ ಸಂದರ್ಭದಲ್ಲಿ ಅದಕ್ಕೆ ಅರ್ಥವಿದೆ. ತೆಗೆದ ಅಂಡಗಳು ಪೂರ್ತಿ ಪಕ್ವವಾಗಿದ್ದವೇ ಎಂದು ಮೊದಲು ಕೇಳಿ, ಏಕೆಂದರೆ ಅಪಕ್ವವಾದ ಅಂಡಕ್ಕೆ ಅಯನೋಫೋರ್‌ನಿಂದ ಪ್ರಯೋಜನವಿಲ್ಲ. ಪಿಎಲ್‌ಸಿ-ಝೀಟಾ ಜೀನಿನ ಪರೀಕ್ಷೆ ಸಾಧ್ಯವೇ ಎಂಬುದನ್ನೂ ವಿಚಾರಿಸಿ.

ಪ್ರಶ್ನೆ: ನನ್ನ ತಮ್ಮನಿಗೆ ಮೂತ್ರಪಿಂಡದ ಕಸಿ ಆಗಿದೆ. ಅವನು ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್ ಕ್ಯಾಲ್ಸಿನ್ಯೂರಿನ್ ತಡೆಯುವ ಔಷಧವಂತೆ. ಹಾಗಿದ್ದರೆ ಅವನು ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಂಡರೆ ಔಷಧದ ಕೆಲಸ ಕೆಡುವುದಿಲ್ಲವೇ?
— ಓದುಗರು, ಮೈಸೂರು

ಉತ್ತರ: ನೀವು ಅಂಜಿರುವ ಕಾರಣಕ್ಕಾಗಿ ಕೆಡುವುದಿಲ್ಲ. ಹೇಗೆಂದು ತಿಳಿಯಲು ಟಿ-ಕೋಶ ಎಂಬ ಬಿಳಿ ರಕ್ತಕಣವನ್ನು ನೋಡಬೇಕು. ಪರಕೀಯ ವಸ್ತುವನ್ನು ಕಾಣುವವರೆಗೆ ಟಿ-ಕೋಶ ಕೋಶಚಕ್ರದ ಹೊರಗೆ, ಜಿ-ಸೊನ್ನೆ ಎಂಬ ವಿಶ್ರಾಂತ ಸ್ಥಿತಿಯಲ್ಲಿರುತ್ತದೆ. ಕಸಿ ಮಾಡಿದ ಮೂತ್ರಪಿಂಡವನ್ನು ಟಿ-ಕೋಶದ ಪೊರೆಯಲ್ಲಿರುವ ಗ್ರಾಹಕ ಪ್ರೋಟೀನು ಗುರುತಿಸಿದೊಡನೆ, ಅಂಡದಲ್ಲಿ ಆದಂತೆಯೇ ಐಪಿ-3 ಉತ್ಪತ್ತಿಯಾಗಿ ಒಳಸಂಗ್ರಹ ಬರಿದಾಗುತ್ತದೆ. ಸಂಗ್ರಹ ಬರಿದಾದುದನ್ನು ಸ್ಟಿಮ್-1 ಎಂಬ ಪ್ರೋಟೀನು ಗ್ರಹಿಸಿ, ಕೋಶಪೊರೆಯಲ್ಲಿರುವ ಒರಾಯ್-1 ಎಂಬ ನಾಳವನ್ನು ತೆರೆಯಿಸುತ್ತದೆ. ಹೊರಗಿನ ಕ್ಯಾಲ್ಸಿಯಂ ಈ ನಾಳದಿಂದ ಗಂಟೆಗಟ್ಟಲೆ ಒಳಬರುತ್ತಿರುತ್ತದೆ.

ಈ ದೀರ್ಘಾವಧಿಯೇ ಇಲ್ಲಿ ಮುಖ್ಯ. ಎಚ್ಚೆತ್ತ ಕ್ಯಾಲ್ಸಿನ್ಯೂರಿನ್ ಎನ್‌ಫ್ಯಾಟ್ ಎಂಬ ಪ್ರೋಟೀನಿನ ಫಾಸ್ಫೇಟುಗಳನ್ನು ಕಿತ್ತು ಅದನ್ನು ಕೋಶಕೇಂದ್ರದೊಳಕ್ಕೆ ಕಳಿಸುತ್ತದೆ. ಕ್ಯಾಲ್ಸಿಯಂ ಇಳಿದರೆ ಕೆಲವೇ ನಿಮಿಷಗಳಲ್ಲಿ ಎನ್‌ಫ್ಯಾಟ್ ಹೊರಬಂದುಬಿಡುತ್ತದೆ. ಆದ್ದರಿಂದ ಕ್ಷಣಿಕವಾದ ಏರಿಕೆಯಿಂದ ಏನೂ ಆಗುವುದಿಲ್ಲ. ಸಾಕಷ್ಟು ಕಾಲ ಒಳಗುಳಿದ ಎನ್‌ಫ್ಯಾಟ್ ಇಂಟರ್‌ಲ್ಯೂಕಿನ್-2 ಎಂಬ ವಸ್ತುವಿನ ಜೀನನ್ನು ಚುರುಕುಗೊಳಿಸುತ್ತದೆ, ಮತ್ತು ಆ ವಸ್ತುವಿನ ಪ್ರಚೋದನೆಯಿಂದ ಟಿ-ಕೋಶ ಜಿ-1 ಎಂಬ ಸಿದ್ಧತೆಯ ಹಂತವನ್ನು ದಾಟಿ ಡಿಎನ್‌ಎಯನ್ನು ಇಮ್ಮಡಿಗೊಳಿಸಿ ವಿಭಜಿಸತೊಡಗುತ್ತದೆ. ಒರಾಯ್-1 ಜೀನಿನ ದೋಷದೊಡನೆ ಹುಟ್ಟಿದ ಮಕ್ಕಳಲ್ಲಿ ಟಿ-ಕೋಶಗಳಿದ್ದರೂ ಅವು ಹೀಗೆ ಪ್ರತಿಕ್ರಿಯಿಸುವುದಿಲ್ಲ. ರೋಗನಿರೋಧಕ ಶಕ್ತಿ ತೀವ್ರವಾಗಿ ಕುಂದಿದ ಇಂತಹ ಮಕ್ಕಳ ಅಧ್ಯಯನದಿಂದಲೇ 2006ರಲ್ಲಿ ಈ ನಾಳದ ಗುರುತು ಸಿಕ್ಕಿತು.

ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ 1984ರಲ್ಲಿ ದೊರೆತ ಟ್ಯಾಕ್ರೊಲಿಮಸ್ ಕೋಶದೊಳಗಿನ ಒಂದು ಪ್ರೋಟೀನನ್ನು ಜೊತೆ ಮಾಡಿಕೊಂಡು ಕ್ಯಾಲ್ಸಿನ್ಯೂರಿನ್‌ನ ಕೆಲಸವನ್ನು ನಿಲ್ಲಿಸುತ್ತದೆ. ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಬಂದ ಸೈಕ್ಲೋಸ್ಪೋರಿನ್ ಬೇರೊಂದು ಪ್ರೋಟೀನಿನ ಜೊತೆಗೂಡಿ ಇದನ್ನೇ ಮಾಡುತ್ತದೆ. ಎರಡು ಔಷಧಗಳೂ ಹಿಡಿಯುವುದು ಕ್ಯಾಲ್ಸಿನ್ಯೂರಿನನ್ನೇ ಎಂದು 1991ರಲ್ಲಿ ತಿಳಿದಾಗ, ಕ್ಯಾಲ್ಸಿಯಂನಿಂದ ಜೀನಿನವರೆಗಿನ ದಾರಿಯೂ ಸ್ಪಷ್ಟವಾಯಿತು. ಈ ಔಷಧಗಳು ಕ್ಯಾಲ್ಸಿಯಂ ಅನ್ನು ತಡೆಯುವುದಿಲ್ಲ, ಏರಿದ ಕ್ಯಾಲ್ಸಿಯಂ ಅನ್ನು ಓದುವ ಕಿಣ್ವವನ್ನು ತಡೆಯುತ್ತವೆ. ನುಂಗಿದ ಮಾತ್ರೆಯ ಕ್ಯಾಲ್ಸಿಯಂ ಆ ಕಿಣ್ವಕ್ಕೆ ಮತ್ತೆ ಜೀವ ಕೊಡಲಾರದು. ಆದರೂ ಕಸಿಯಾದವರು ಯಾವುದೇ ಮಾತ್ರೆಯನ್ನು, ಕ್ಯಾಲ್ಸಿಯಂ ಆಗಿರಲಿ ಮತ್ತೊಂದಾಗಿರಲಿ, ತಮ್ಮ ವೈದ್ಯರನ್ನು ಕೇಳದೆ ಸೇರಿಸಬಾರದು.

ಪ್ರಶ್ನೆ: ಕೋಶವಿಭಜನೆಗೆ ಕ್ಯಾಲ್ಸಿಯಂ ಅಗತ್ಯ ಎಂದು ಪಠ್ಯದಲ್ಲಿದೆ. ಆದರೆ ಚರ್ಮದ ಕೋಶಗಳನ್ನು ಬೆಳೆಸುವಾಗ ಕ್ಯಾಲ್ಸಿಯಂ ಹೆಚ್ಚಿಸಿದರೆ ವಿಭಜನೆ ನಿಲ್ಲುತ್ತದೆ ಎಂದು ನಮ್ಮ ಪ್ರಾಧ್ಯಾಪಕರು ಹೇಳಿದರು. ಯಾವುದು ಸರಿ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡೂ ಸರಿ. ಶಾಲೆಯ ಗಂಟೆಯ ಸದ್ದು ಬೆಳಗ್ಗೆ, ಮಧ್ಯಾಹ್ನ ಮತ್ತು ಸಂಜೆ ಒಂದೇ ಆಗಿದ್ದರೂ ಮಕ್ಕಳು ಒಮ್ಮೆ ಒಳಗೆ ಬರುತ್ತಾರೆ, ಇನ್ನೊಮ್ಮೆ ಹೊರಗೆ ಓಡುತ್ತಾರೆ.

ಚರ್ಮದ ಮೇಲ್ಪದರದ ಕೆರಾಟಿನೋಸೈಟ್ ಕೋಶಗಳನ್ನು 0.1 ಮಿಲಿಮೋಲ್‌ಗಿಂತ ಕಡಿಮೆ ಕ್ಯಾಲ್ಸಿಯಂ ಇರುವ ಮಾಧ್ಯಮದಲ್ಲಿ ಬೆಳೆಸಿದರೆ ಅವು ವಿಭಜಿಸುತ್ತಲೇ ಇರುತ್ತವೆ. 1 ಮಿಲಿಮೋಲ್ ದಾಟಿಸಿದರೆ ಒಂದಕ್ಕೊಂದು ಅಂಟಿಕೊಂಡು, ವಿಭಜನೆಯನ್ನು ಬಿಟ್ಟು, ಗಟ್ಟಿಯಾದ ಹೊರಚರ್ಮವಾಗುವ ದಾರಿ ಹಿಡಿಯುತ್ತವೆ. ಇಲಿಯ ಕೋಶಗಳಲ್ಲಿ ಇದನ್ನು ತೋರಿಸಿದ ಪ್ರಸಿದ್ಧ ಪ್ರಯೋಗ 1980ರದು. ಇದು ಗಾಜಿನ ತಟ್ಟೆಗೆ ಸೀಮಿತವಾದ ವಿಚಿತ್ರವಲ್ಲ. ನಮ್ಮ ಚರ್ಮದಲ್ಲಿಯೂ ವಿಭಜಿಸುವ ತಳಪದರದಲ್ಲಿ ಕ್ಯಾಲ್ಸಿಯಂ ಕಡಿಮೆ, ಮೇಲಿನ ಕಣಪದರದಲ್ಲಿ ಹೆಚ್ಚು. ಇದಕ್ಕೆ ಪ್ರತಿಯಾಗಿ, ಅಂಗಾಂಶಗಳಿಗೆ ಆಧಾರವಾಗುವ ನಾರುಗಳನ್ನು ಹೆಣೆಯುವ ಫೈಬ್ರೋಬ್ಲಾಸ್ಟ್ ಕೋಶಗಳಿಗೆ ಕ್ಯಾಲ್ಸಿಯಂ ಕಡಿಮೆ ಮಾಡಿದರೆ ಅವು ಡಿಎನ್‌ಎ ಇಮ್ಮಡಿಗೊಳಿಸುವ ಮೊದಲೇ, ಜಿ-1ರಲ್ಲಿ ನಿಲ್ಲುತ್ತವೆ. ಅವೇ ಕೋಶಗಳು ಕ್ಯಾನ್ಸರ್ ಸ್ವಭಾವಕ್ಕೆ ತಿರುಗಿದ್ದರೆ ಕ್ಯಾಲ್ಸಿಯಂ ಕೊರತೆಯನ್ನು ಲೆಕ್ಕಿಸದೆ ವಿಭಜಿಸುತ್ತವೆ.

ಪಠ್ಯಪುಸ್ತಕಗಳ ಬಗ್ಗೆ ಒಂದು ಆಕ್ಷೇಪ ಇಲ್ಲಿಯೇ ಹೇಳಿಬಿಡುತ್ತೇನೆ. ಕೋಶಚಕ್ರದ ವೃತ್ತವನ್ನು ಬರೆದು, ಪ್ರತಿ ಹಂತದ ಬಾಗಿಲಲ್ಲಿಯೂ ಕ್ಯಾಲ್ಸಿಯಂನ ಒಂದೊಂದು ಬಾಣವನ್ನು ಸಮಾನ ಧೈರ್ಯದಿಂದ ಎಳೆಯುವ ಚಿತ್ರಗಳನ್ನು ನೀವು ನೋಡಿರುತ್ತೀರಿ. ಸಾಕ್ಷ್ಯ ಎಲ್ಲ ಕಡೆಯೂ ಅಷ್ಟೇ ಗಟ್ಟಿಯಾಗಿಲ್ಲ. ಅಂಡದ ಸಂಗತಿ ನಿಸ್ಸಂದೇಹ, ಟಿ-ಕೋಶದ್ದೂ ಹಾಗೆಯೇ. ಡಿಎನ್‌ಎ ಇಮ್ಮಡಿಯಾದ ನಂತರದ ಜಿ-2 ಹಂತದಿಂದ ಮೈಟೋಸಿಸ್ ಎಂಬ ವಿಭಜನೆಗೆ ಹೋಗುವಾಗ ಕೋಶಕೇಂದ್ರದ ಪೊರೆ ಕರಗುವ ಮುನ್ನ ಕ್ಯಾಲ್ಸಿಯಂ ಕ್ಷಣಕಾಲ ಏರುವುದನ್ನು ಸೀ ಅರ್ಚಿನ್‌ನ ಭ್ರೂಣದಲ್ಲಿ 1980ರ ದಶಕದಲ್ಲಿಯೇ ಕಂಡಿದ್ದರೂ, ಸಸ್ತನಿಗಳ ಎಷ್ಟೋ ಸಾಮಾನ್ಯ ಕೋಶಗಳು ಅಂತಹ ಏರಿಕೆಯನ್ನು ತೋರದೆಯೇ ವಿಭಜಿಸುತ್ತವೆ. ಅಷ್ಟೇ ಅಲ್ಲ, ಮೈಟೋಸಿಸ್ ನಡೆಯುತ್ತಿರುವಾಗ ಸ್ಟಿಮ್-1ಕ್ಕೆ ಫಾಸ್ಫೇಟುಗಳು ಅಂಟಿಕೊಂಡು ಹೊರಗಿನ ಕ್ಯಾಲ್ಸಿಯಂ ಒಳಬರುವ ಆ ದಾರಿಯೇ ಮುಚ್ಚಿಹೋಗುತ್ತದೆ ಎಂದು 2009ರಲ್ಲಿ ವರದಿಯಾಯಿತು. ಟಿ-ಕೋಶವನ್ನು ಚಕ್ರದೊಳಕ್ಕೆ ತಂದ ದಾರಿಯನ್ನೇ ಕೋಶ ಈ ಹಂತದಲ್ಲಿ ಬಂದ್ ಮಾಡಿಕೊಳ್ಳುತ್ತದೆ!

ಯೀಸ್ಟ್‌ನ ಉದಾಹರಣೆ ಇನ್ನೂ ವಿಚಿತ್ರ. ಕ್ಯಾಲ್ಮಾಡುಲಿನ್ ಇಲ್ಲದೆ ಅದು ಬದುಕಲಾರದು. ಆದರೆ ಕ್ಯಾಲ್ಸಿಯಂ ಹಿಡಿಯುವ ಸಾಮರ್ಥ್ಯವನ್ನು ಕಳೆದುಕೊಂಡ ಕ್ಯಾಲ್ಮಾಡುಲಿನ್ ಕೊಟ್ಟರೂ ಅದು ಬದುಕಿ ವಿಭಜಿಸುತ್ತದೆ ಎಂದು 1991ರಲ್ಲಿ ತಿಳಿದುಬಂತು. ವರ್ಣತಂತುಗಳನ್ನು ಎಳೆಯುವ ಕದಿರಿನ ತುದಿಗಳನ್ನು ಕಟ್ಟುವುದರಲ್ಲಿ ಅದಕ್ಕೆ ಕ್ಯಾಲ್ಸಿಯಂನ ಹಂಗಿಲ್ಲದ ಕೆಲಸವಿದೆ. ಕ್ಯಾಲ್ಮಾಡುಲಿನ್ ತಡೆದಾಗ ಕೋಶಚಕ್ರ ನಿಂತಿತು, ಆದ್ದರಿಂದ ಅಲ್ಲಿ ಕ್ಯಾಲ್ಸಿಯಂ ಸಂಕೇತವಿದೆ ಎಂದು ಪರೀಕ್ಷೆಯಲ್ಲಿ ಬರೆಯುವ ಮುನ್ನ ಇದನ್ನು ಜ್ಞಾಪಿಸಿಕೊಳ್ಳಿ.

ಪ್ರಶ್ನೆ: ದಿನವೂ ರಾಗಿಮುದ್ದೆ ಮತ್ತು ಹಾಲು ಸೇವಿಸುವವರಲ್ಲಿ ಕೋಶವಿಭಜನೆ ಹೆಚ್ಚಾಗಿ ಗಂಟುಗಳು ಬೆಳೆಯುವ ಸಂಭವವಿದೆಯೇ?
— ಓದುಗರು, ಮಂಡ್ಯ

ಉತ್ತರ: ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ, ರಕ್ತದಲ್ಲಿ ಅದರ ಮಟ್ಟವನ್ನು ದೇಹವು ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಒಳಗೆ ಬಿಗಿಯಾಗಿ ಕಾಯ್ದುಕೊಳ್ಳುತ್ತದೆ. ಕೋಶದ ಒಳಗಿನ ಮಟ್ಟವನ್ನು ನಿರ್ಧರಿಸುವುದು ಕೋಶದ ನಾಳಗಳು ಮತ್ತು ಪಂಪುಗಳು, ಊಟದ ತಟ್ಟೆಯಲ್ಲ. ಕ್ಯಾಲ್ಸಿಯಂ ಮಾತ್ರೆಯಿಂದ ದೊಡ್ಡ ಕರುಳಿನ ಗಂಟುಗಳು ಮರುಕಳಿಸುವುದು ತುಸು ಕಡಿಮೆಯಾಯಿತೆಂದು 1999ರ ಒಂದು ದೊಡ್ಡ ಅಧ್ಯಯನ ಹೇಳಿತ್ತು. 2015ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಆ ಲಾಭ ಕಾಣಲಿಲ್ಲ.

ರಕ್ತದ ಕ್ಯಾಲ್ಸಿಯಂ ನೇರವಾಗಿ ವಿಭಜನೆಯ ಮೇಲೆ ಪ್ರಭಾವ ಬೀರುವ ಒಂದು ಜಾಗ ಮಾತ್ರ ಖಂಡಿತ ಇದೆ, ಅಲ್ಲಿಯೂ ಪ್ರಭಾವ ನೀವು ಊಹಿಸಿದ್ದಕ್ಕೆ ತಿರುಗುಮುರುಗು. ಕುತ್ತಿಗೆಯಲ್ಲಿ ಥೈರಾಯ್ಡ್‌ನ ಹಿಂದಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಕೋಶಗಳಿಗೆ ಹೊರಗಿನ ಕ್ಯಾಲ್ಸಿಯಂ ಅನ್ನು ಅಳೆಯುವ ಗ್ರಾಹಕವಿದೆ. ಇದನ್ನು 1993ರಲ್ಲಿ ಗುರುತಿಸಲಾಯಿತು. ರಕ್ತದಲ್ಲಿ ಕ್ಯಾಲ್ಸಿಯಂ ಬಹುಕಾಲ ಕಡಿಮೆಯಿದ್ದರೆ ಈ ಕೋಶಗಳು ಹಾರ್ಮೋನನ್ನು ಹೆಚ್ಚು ಸ್ರವಿಸುವುದರ ಜೊತೆಗೆ ವಿಭಜಿಸಿ ಸಂಖ್ಯೆಯಲ್ಲಿಯೂ ಹೆಚ್ಚುತ್ತವೆ. ದೀರ್ಘಕಾಲದ ಮೂತ್ರಪಿಂಡ ವೈಫಲ್ಯ ಇರುವವರಲ್ಲಿ ಗ್ರಂಥಿಗಳು ಊದಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಡಯಾಲಿಸಿಸ್‌ನಲ್ಲಿರುವ ಕೆಲವರಿಗೆ ಕೊಡುವ ಸಿನಕ್ಯಾಲ್ಸೆಟ್ ಎಂಬ ಮಾತ್ರೆ ಆ ಗ್ರಾಹಕವನ್ನು ಹೆಚ್ಚು ಸೂಕ್ಷ್ಮಗೊಳಿಸುವುದರಿಂದ, ಇರುವಷ್ಟೇ ಕ್ಯಾಲ್ಸಿಯಂ ಗ್ರಂಥಿಗೆ ಸಾಕೆನಿಸಿ ಹಾರ್ಮೋನಿನ ಸ್ರಾವ ತಗ್ಗುತ್ತದೆ.